ಹಣ್ಣು ಒಣಗಿಸೋಕೆ ಒಟಿಜಿಯೇ ಸಾಕು: ಡಿಹೈಡ್ರೇಟರ್, ತಾರಸಿ ಬಿಸಿಲಿನ ಜೊತೆ ಹೋಲಿಕೆ

ಒಂದು ಸಲಕ್ಕೆ ಕೆಜಿಯಷ್ಟು ಬಾಳೆಹಣ್ಣನ್ನೋ ಟೊಮೆಟೊವನ್ನೋ ಒಣಗಿಸುವವರು ಒಣಗಿಸೋಕಂತಲೇ ಬರುವ ಯಂತ್ರವಾದ ಡಿಹೈಡ್ರೇಟರ್‌ಗೆ ದುಡ್ಡು ಹಾಕೋದು ಬೇಡ, ಫ್ಯಾನ್ ಇರುವ ಒಟಿಜಿ (ಅವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಕರೆಂಟ್ ಒಲೆ) ಸಾಕು. ಮೂರು ವಿಧಾನವನ್ನೂ ಮಾಡಿ ನೋಡಿದ ಮೇಲೆ ನನ್ನ ಓಟು ಇದಕ್ಕೇ. ಆದರೆ ಕೊಳ್ಳುವಾಗ ಮೊದಲು ಬಿಸಿಯ ಗುಂಡಿ ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಅದು ಶುರುವಾಗೋದೇ 100 ಡಿಗ್ರಿಯಿಂದ. ಹಣ್ಣಿಗೆ ಬೇಕಿರೋದು 55ರಿಂದ 60. ಗುಂಡಿ 60ಕ್ಕೆ ಇಳಿಯಬೇಕು, ಕೆಳಗಿನ ರಾಡ್ ಒಂದನ್ನೇ ಹಾಕಿಕೊಂಡು ಫ್ಯಾನ್ ಓಡಿಸುವಂತಿರಬೇಕು. ಈ ಎರಡಿಲ್ಲದ ಒಟಿಜಿ ಬೇಡ.

ತಾರಸಿಗೆ ಖರ್ಚಿಲ್ಲ. ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಉಪ್ಪು ಹಾಕಿದ ನೆಲ್ಲಿಕಾಯಿಗೆ ಮೈಸೂರಿನ ಫೆಬ್ರವರಿ, ಮಾರ್ಚ್ ಬಿಸಿಲನ್ನು ಮೀರಿಸೋದು ಯಾವುದೂ ಇಲ್ಲ. ಅವುಗಳನ್ನು ಉಪ್ಪು ಕಾಯುತ್ತೆ. ಬಾಳೆಗೂ ಮಾವಿಗೂ ಆ ರಕ್ಷಣೆ ಇಲ್ಲ. ರಾತ್ರಿ ತೇವ ಎಳೆದುಕೊಂಡು ಎರಡನೇ ದಿನಕ್ಕೇ ಹುಳಿ ವಾಸನೆ ಬರುತ್ತೆ. ಬಾದಾಮಿ ಮಾವು ಚೆನ್ನಾಗಿ ಬರುವ ಮೇ ತಿಂಗಳಲ್ಲಿ ಸಂಜೆ ಮಳೆಯೂ ಬರುತ್ತೆ.

ಒಟಿಜಿಯಲ್ಲಿ ತಲೆನೋವು ಅಂದರೆ ಹಬೆ. ಸುಲಿದ ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರು. ಒಂದು ಕೆಜಿ ಒಣಗಿದರೆ ಉಳಿಯೋದು 300 ಗ್ರಾಂ ಆಸುಪಾಸು. ಮಿಕ್ಕಿದ್ದೆಲ್ಲ ಹಬೆಯಾಗಿ ಆಚೆ ಹೋಗಬೇಕು. ಒಟಿಜಿ ಇರೋದು ಬಿಸಿಯನ್ನು ಒಳಗೇ ಹಿಡಿದಿಡೋಕೆ. ಫ್ಯಾನ್ ಕೂಡ ಒಳಗಿನ ಗಾಳಿಯನ್ನೇ ಸುತ್ತಿಸುತ್ತೆ, ಹೊರಗೆ ತಳ್ಳಲ್ಲ. ಬಾಗಿಲು ಮುಚ್ಚಿಟ್ಟರೆ ಗಾಜಿನ ಮೇಲೆ ಹನಿ ಕೂತು ಹಣ್ಣು ಬೇಯುತ್ತೆ. ಬೇಗ ಆಗಲಿ ಅಂತ 90ಕ್ಕೆ ಏರಿಸಿದರೆ ಇನ್ನೂ ಕೆಟ್ಟದ್ದು: ಹೋಳಿನ ಮೇಲ್ಪದರ ಮೊದಲೇ ಗಟ್ಟಿಯಾಗಿ ಒಳಗಿನ ನೀರಿನ ದಾರಿ ಮುಚ್ಚಿಹೋಗುತ್ತೆ. ಮುಟ್ಟಿದರೆ ಒಣಗಿದ ಹಾಗೇ ಇರುತ್ತೆ, ಡಬ್ಬಿಗೆ ಹಾಕಿದ ಮೇಲೆ ಬೂಷ್ಟು ಹಿಡಿಯುತ್ತೆ.

ಅದಕ್ಕೆ ಬಾಗಿಲಿನ ಮೇಲಂಚಿಗೆ ಮರದ ಸೌಟಿನ ಹಿಡಿ ಸಿಕ್ಕಿಸಿ ಎರಡು ಬೆರಳಷ್ಟು ಸಂದು ಬಿಡಿ. ಬಾಗಿಲು ಕೆಳಮುಖವಾಗಿ ತೆರೆಯೋದರಿಂದ ಸಂದು ಮೇಲ್ಗಡೆಯೇ ಬರುತ್ತೆ, ಹಬೆ ಅಲ್ಲಿಂದ ಹೋಗುತ್ತೆ. ಆದರೆ ಇದರಿಂದ ಇನ್ನೊಂದು ಪೇಚು. ಬಿಸಿ ಸೋರುತ್ತಿದ್ದರೆ, ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ರಾಡನ್ನು ಹೆಚ್ಚು ಹೊತ್ತು ಕಾಯಿಸುತ್ತೆ. ಮೇಲಿನ ರಾಡೂ ಆನ್ ಆಗಿದ್ದರೆ ಅದರ ನೇರಕ್ಕಿರುವ ಹೋಳುಗಳು ಸೀದುಹೋಗುತ್ತವೆ. ಹಾಗಾಗಿ ಕೆಳಗಿನ ರಾಡ್ ಮಾತ್ರ. ಅದರ ನೇರ ಶಾಖ ತಡೆಯೋಕೆ ಕೆಳಗಿನ ಹಂತದಲ್ಲಿ ಒಂದು ಖಾಲಿ ಟ್ರೇ, ಹಣ್ಣು ನಡುವಿನ ಹಂತದಲ್ಲಿ. ಗುಂಡಿಯ ಅಂಕಿಯನ್ನು ನಂಬದೆ ಅವನ್ ಥರ್ಮಾಮೀಟರ್ ಒಂದನ್ನು ಹೋಳುಗಳ ಪಕ್ಕದಲ್ಲೇ ಇಡಿ. 65 ದಾಟಿದರೆ ಸಂದು ಹೆಚ್ಚಿಸಿ. ಬಾಗಿಲು ತೆರೆದಿದ್ದಾಗ ಗುಂಡಿಗಳೂ ಕಾಯುತ್ತವೆ, ಮಕ್ಕಳು ಹತ್ತಿರ ಬರದಂತೆ ನೋಡಿಕೊಳ್ಳಿ. ರಾತ್ರಿ ಹಾಕಿ ಮಲಗೋದು ಬೇಡವೇ ಬೇಡ.

ಟ್ರೇ ಮೇಲೆ ನೇರವಾಗಿ ಹರಡಿದರೆ ಹೋಳಿನ ಅಡಿ ಒದ್ದೆಯಾಗೇ ಉಳಿಯುತ್ತೆ. ಗ್ರಿಲ್ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಕತ್ತರಿಸಿ ಹಾಕಿ. ಸತುವಿನ ಲೇಪದ ಜಾಲರಿ ಅಗ್ಗ, ಆದರೆ ಹಣ್ಣಿನ ಹುಳಿಗೆ ಸತು ಬಿಡುತ್ತೆ.

ಗಾಳಿಯ ವಿಷಯದಲ್ಲಿ ಡಿಹೈಡ್ರೇಟರ್ ಮುಂದು. ಕರೆಂಟೂ ಕಡಿಮೆ: 350 ವ್ಯಾಟಿನದು ಹತ್ತು ಗಂಟೆ ಓಡಿದರೆ ಹೆಚ್ಚೆಂದರೆ ಮೂರೂವರೆ ಯೂನಿಟ್. ಬಾಗಿಲು ತೆರೆದ ಒಟಿಜಿ ಅದಕ್ಕಿಂತ ಜಾಸ್ತಿಯೇ ಎಳೆಯುತ್ತೆ. ಆದರೆ ಕೆಳಗೆ ಫ್ಯಾನ್ ಇರುವ ದುಂಡನೆಯ ಮಾಡೆಲ್‌ಗಳಲ್ಲಿ ತಳದ ಟ್ರೇ ಒಣಗಿದಾಗ ಮೇಲಿನದು ಹಸಿಯಾಗೇ ಇರುತ್ತೆ. ಎರಡು ಗಂಟೆಗೊಮ್ಮೆ ಅದಲು ಬದಲು ಮಾಡುತ್ತಿರಬೇಕು. ಹಿಂದೆ ಫ್ಯಾನ್ ಇರುವ ಪೆಟ್ಟಿಗೆಯಂಥದ್ದಕ್ಕೆ ಆ ಕಾಟವಿಲ್ಲ, ಬೆಲೆ ಮಾತ್ರ ಮೇಲೆ. ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಇನ್ನೊಂದು ಯಂತ್ರಕ್ಕೆ ಜಾಗವಿಲ್ಲ. ಒಟಿಜಿಯಾದರೆ ಮಿಕ್ಕ ದಿನ ಬ್ರೆಡ್ಡು, ಬಿಸ್ಕತ್ತಿಗೂ ಆಗುತ್ತೆ. ವಾರವಾರವೂ ಮೂರು ನಾಲ್ಕು ಕೆಜಿ ಒಣಗಿಸುವವರಾದರೆ ಪೆಟ್ಟಿಗೆ ಡಿಹೈಡ್ರೇಟರನ್ನೇ ತೊಗೊಳ್ಳಿ.

ಬಾಳೆಯಲ್ಲಿ ಏಲಕ್ಕಿಯೇ ವಾಸಿ. ದೇವರಾಜ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಸಿಪ್ಪೆ ಪೂರ್ತಿ ಹಳದಿಯಾಗಿ, ಕಪ್ಪು ಚುಕ್ಕಿ ಆಗತಾನೇ ಮೂಡಿರುವ ಚಿಪ್ಪು ಆರಿಸಿ. ನಂಜನಗೂಡು ರಸಬಾಳೆ ಸಿಕ್ಕರೆ ದಯವಿಟ್ಟು ಒಣಗಿಸಬೇಡಿ, ಹಾಗೇ ತಿನ್ನಿ. 6 ಮಿ.ಮೀ. ದಪ್ಪಕ್ಕೆ ಹೆಚ್ಚಿ, ನಿಂಬೆರಸ ಬೆರೆಸಿದ ನೀರಲ್ಲಿ ಅದ್ದಿ, ಒಂದಕ್ಕೊಂದು ತಾಗದ ಹಾಗೆ ಹರಡಿ. ಮೂರು ಗಂಟೆಗೆ ಮಗುಚಿ. ಒಟ್ಟು ಎಂಟರಿಂದ ಹತ್ತು ಗಂಟೆ.

ಮಾವಿನ ರಸವನ್ನು 5 ಮಿ.ಮೀ. ದಪ್ಪಕ್ಕೆ ಬೇಕಿಂಗ್ ಪೇಪರ್ ಮೇಲೆ ಸುರಿಯುವಾಗ ಅಂಚನ್ನು ತುಸು ದಪ್ಪವಾಗಿಡಿ, ಮೊದಲು ಒಣಗಿ ಬಿರಿಯೋದು ಅಂಚೇ.

ಬಿಸಿಯಲ್ಲಿ ಹೋಳು ಮೆತ್ತಗಿರುತ್ತೆ, ಆರಿದ ಮೇಲೇ ಪರೀಕ್ಷೆ ಮಾಡಿ. ಒಂದನ್ನು ಅಡ್ಡಕ್ಕೆ ಕತ್ತರಿಸಿ ಒತ್ತಿದಾಗ ನಡುವೆ ಪಸೆ ಮಿನುಗಿದರೆ ಇನ್ನೊಂದು ಗಂಟೆ. ಆಮೇಲೆ ಗಾಜಿನ ಜಾಡಿಗೆ ಮೂರರಲ್ಲಿ ಎರಡು ಪಾಲು ತುಂಬಿ, ವಾರದಿಂದ ಹತ್ತು ದಿನ ದಿನಕ್ಕೊಮ್ಮೆ ಅಲುಗಾಡಿಸಿ. ಗಾಜಿನ ಒಳಗೆ ಮಂಜು ಕಂಡರೆ ಎಲ್ಲವನ್ನೂ ಮತ್ತೆ ಒಟಿಜಿಗೆ ಹಾಕಿ. ಬೂಷ್ಟು ಕಂಡರೆ ಅಷ್ಟನ್ನೂ ಎಸೆಯಿರಿ.