ಅನುದಾನ ತಡವಾದರೂ ಬಾಗಿಲು ಮುಚ್ಚದ ಗ್ರಂಥಾಲಯ

ಉತ್ತರ ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯವೊಂದರ ಗ್ರಂಥಾಲಯವನ್ನು ಸಂಶೋಧನೆಗಾಗಿ ಎರಡು ವರ್ಷ ಬಳಸಿದ್ದೇನೆ. ರಾಜ್ಯದ ಅನುದಾನವು ಕಂತುಗಳಲ್ಲಿ, ಅದೂ ತಡವಾಗಿ ಬರುವುದರಿಂದ, ಕೈಗೆ ಬಂದ ಹಣ ಮೊದಲು ಸಂಬಳಕ್ಕೂ ಪಿಂಚಣಿಗೂ ಹೋಗಿ, ನಿಯತಕಾಲಿಕಗಳ ಚಂದಾ ಮುಂದಕ್ಕೆ ಬೀಳುತ್ತದೆ. ನನಗೆ ಬೇಕಿದ್ದ ಸಂಚಿಕೆಗಳು ಕಪಾಟಿನಲ್ಲಿ ನಡುವೆಯೇ ನಿಂತುಹೋಗಿದ್ದವು. ಸಿಬ್ಬಂದಿಯ ಸೇವೆಗೆ ಮಾತ್ರ ನಾನು ಪೂರ್ಣ ಅಂಕ ಕೊಡುತ್ತೇನೆ. ಅಲ್ಲಿಲ್ಲದ ಲೇಖನಗಳನ್ನು ಬೇರೆ ಗ್ರಂಥಾಲಯಗಳಿಂದ ತರಿಸಿಕೊಟ್ಟರು. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಉಚಿತವಾಗಿ ಸಿಗುವ ಪಿಎಚ್.ಡಿ. ಪ್ರಬಂಧಗಳನ್ನು ಹುಡುಕುವ ಬಗೆಯನ್ನು ಪಕ್ಕದಲ್ಲೇ ಕುಳಿತು ಕಲಿಸಿದರು. 2025ರಲ್ಲಿ ರಾಜ್ಯದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾಪ ಸಂಪುಟ ಉಪಸಮಿತಿಯಿಂದ ಬಂದಾಗ ನನಗೆ ಮೊದಲು ನೆನಪಾದದ್ದು ಇಂಥ ಸಿಬ್ಬಂದಿಯೇ. ಬಡ ವಿದ್ಯಾರ್ಥಿಗಳಿಗೆ ಇಲ್ಲಿನ ಸದಸ್ಯತ್ವವನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ; ಹೊಸ ಸಂಚಿಕೆಗಳು ಬೇಕಾದವರು ಮೊದಲೇ ವಿಚಾರಿಸಿಕೊಂಡು ಹೋಗಬೇಕು.