‘250 ಓಕೆ’ ಅಂತ ಬಂತು ಅಂದ ಮಾತ್ರಕ್ಕೆ ಮೇಲ್ ಸೇರಿತು ಅಂದುಕೊಳ್ಳಬೇಡಿ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಮೇಲ್ ಸರ್ವರ್ ಕೂಡ ನಮ್ಮದೇ, ಪೋಸ್ಟ್‌ಫಿಕ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತದೆ. ಅದರ ಉಸಾಬರಿ ನನ್ನದು.

ಕಳೆದ ಮಳೆಗಾಲದಲ್ಲಿ ಒಂದು ಕಾಲೇಜಿಗೆ ಡೈರಿ ಮುದ್ರಣದ ಕೊಟೇಶನ್ ಕಳಿಸಿದೆ. ಸ್ಯಾಂಪಲ್ ಪುಟಗಳನ್ನು ಜಿಪ್ ಮಾಡಿ ಲಗತ್ತಿಸಿದ್ದೆ. ಶುಕ್ರವಾರ ಕೊನೆಯ ದಿನ, ನಾನು ಬುಧವಾರವೇ ಕಳಿಸಿದ್ದೆ. ಸರ್ವರ್ ಬರೆದಿಡುವ ದಾಖಲೆ, ಅಂದರೆ ಲಾಗ್ ನೋಡಿದೆ: ‘ಸ್ಟೇಟಸ್=ಸೆಂಟ್’, ಕಳಿಸಾಯಿತು ಅಂತ. ಪಕ್ಕದಲ್ಲಿ ಅವರ ಸರ್ವರ್ ಕೊಟ್ಟ ಉತ್ತರ, ‘250 ಓಕೆ, ಕ್ಯೂಡ್ ಆ್ಯಸ್’, ಮುಂದೊಂದು ಉದ್ದನೆಯ ನಂಬರ್. ಅಂದರೆ ಮೇಲ್ ತೆಗೆದುಕೊಂಡೆ, ಈ ನಂಬರಿನಲ್ಲಿ ಸರದಿಗೆ (ಕ್ಯೂಗೆ) ಹಾಕಿದೆ ಅಂತ. ನೆಮ್ಮದಿಯಿಂದ ಚಹಾ ಕುಡಿದೆ.

ಸೋಮವಾರ ಫೋನ್ ಮಾಡಿದರೆ, ‘ನಿಮ್ಮದು ಬಂದೇ ಇಲ್ವಲ್ಲ’ ಅಂದರು. ಆರ್ಡರ್ ಬೇರೆಯವರ ಪಾಲಾಗಿತ್ತು. ಸ್ಪ್ಯಾಮ್ ಫೋಲ್ಡರ್‌ನಲ್ಲೂ ಇಲ್ಲ, ತಲುಪಲಿಲ್ಲ ಅಂತ ತಿಳಿಸುವ ವಾಪಸ್ ಮೇಲ್, ಅಂದರೆ ಬೌನ್ಸ್ ಕೂಡ ನನಗೆ ಬಂದಿಲ್ಲ.

ಪೂರ್ತಿ ಮೇಲ್ ತೆಗೆದುಕೊಂಡು 250 ಅಂದ ಮೇಲೆ ಅದರ ಹೊಣೆ ಆ ಸರ್ವರ್‌ನದು. ಒಂದೋ ತಲುಪಿಸಬೇಕು, ಇಲ್ಲವೇ ಆಗಲಿಲ್ಲ ಅಂತ ಕಳಿಸಿದವರಿಗೆ ತಿಳಿಸಬೇಕು. ಮೇಲ್ ಸಾಗಣೆಯ ನಿಯಮಗಳನ್ನು ಹೇಳುವ 2008ರ ದಾಖಲೆ ಆರ್‌ಎಫ್‌ಸಿ 5321ರಲ್ಲಿ ಇದು ಸ್ಪಷ್ಟವಾಗಿದೆ. ಆ ಉತ್ತರ ನಂಬಿಯೇ ನನ್ನ ಸರ್ವರ್ ತನ್ನ ಕ್ಯೂನಿಂದ ಮೇಲ್ ಅಳಿಸುತ್ತದೆ. ಕಾಲೇಜಿನವರು ಮಾಡಿದ್ದು ರಿಜಿಸ್ಟರ್ ಪೋಸ್ಟ್‌ಗೆ ಸಹಿ ಹಾಕಿ ಲಕೋಟೆಯನ್ನು ಒಲೆಗೆ ಹಾಕಿದ ಹಾಗೆ. ಖಂಡಿತ ಮೋಸದ್ದು ಅನ್ನಿಸಿದ ಮೇಲ್ ಅನ್ನು ಸದ್ದಿಲ್ಲದೆ ಬಿಸಾಡಲು ಅವಕಾಶವಿದೆ ನಿಜ. ಆದರೆ ಜಿಪ್ ಕಂಡ ಕೂಡಲೇ ಬಿಸಾಡುವುದಕ್ಕಲ್ಲ, ಇಲ್ಲಿ ಆಗಿದ್ದು ಅದೇ ಅಂತ ಆಮೇಲೆ ಗೊತ್ತಾಯಿತು.

ಮೇಲ್ ತೊಂದರೆ ತಿಳಿಸಲೆಂದೇ ಇರುವ ‘ಪೋಸ್ಟ್‌ಮಾಸ್ಟರ್’ ವಿಳಾಸಕ್ಕೆ ಬರೆದೆ. ಮೇಲ್ ಸ್ವೀಕರಿಸುವ ಪ್ರತಿ ಡೊಮೈನ್‌ನಲ್ಲೂ ಅದು ಇರಲೇಬೇಕು. ‘550, ಅಂಥ ಯೂಸರ್ ಇಲ್ಲ’ ಅಂತ ವಾಪಸ್ ಬಂತು. 550 ಅಂದರೆ ಮೇಲ್ ತೆಗೆದುಕೊಳ್ಳುವುದಿಲ್ಲ ಅಂತ. ಆಫೀಸಿಗೆ ನಾಲ್ಕು ಸಲ ಫೋನ್ ಮಾಡಿ, ಅವರ ಸರ್ವರ್ ನೋಡಿಕೊಳ್ಳುವ ಅಡ್ಮಿನ್‌ನ ವಿಳಾಸ ಹಿಡಿದೆ. ಇಲ್ಲಿ ನಾನೊಂದು ಪೆದ್ದತನ ಮಾಡಿದೆ. ಆರ್‌ಎಫ್‌ಸಿ ಸೆಕ್ಷನ್ ನಂಬರ್ ಸಮೇತ ಒಂದೂವರೆ ಪುಟದ ಪಾಠ ಬರೆದು ಕಳಿಸಿದೆ. ಉತ್ತರ ಒಂದೇ ಸಾಲು: ‘ಸಮಸ್ಯೆ ನಿಮ್ಮ ಕಡೆ ಇದೆ.’ ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆನೇನೋ.

ಎರಡನೇ ಸಲ ಪಾಠ ಬಿಟ್ಟೆ. ದಿನಾಂಕ, ಸಮಯ, ನಮ್ಮ ಸರ್ವರ್‌ನ ಐಪಿ ವಿಳಾಸ, ಅವರದೇ ಸರ್ವರ್ ಕೊಟ್ಟ ಕ್ಯೂ ನಂಬರ್, ಇಷ್ಟೇ ಕಳಿಸಿದೆ. ‘ಈ ನಂಬರ್ ನಿಮ್ಮ ಲಾಗ್‌ನಲ್ಲಿ ಹುಡುಕುತ್ತೀರಾ?’ ಅರ್ಧ ಗಂಟೆಯಲ್ಲಿ ಅವರೇ ಫೋನ್ ಮಾಡಿದರು. ಜಿಪ್ ಇದ್ದ ಮೇಲ್ ಎಲ್ಲವನ್ನೂ ಫಿಲ್ಟರ್ ಡಿಲೀಟ್ ಮಾಡುತ್ತಿತ್ತು. ‘ಬೌನ್ಸ್ ಕಳಿಸಿದ್ರೆ ಸುಮ್ನೆ ಯಾರ್ಯಾರಿಗೋ ಹೋಗುತ್ತೆ, ಸ್ಪ್ಯಾಮ್‌ನವರು ಸುಳ್ಳು ವಿಳಾಸ ಹಾಕಿರ್ತಾರಲ್ವಾ’ ಅಂದರು. ಭಯ ಸರಿಯೇ. ಆದರೆ ಮೇಲ್ ಒಳಗೆ ತಗೊಳ್ಳುವ ಮೊದಲೇ, ಕನೆಕ್ಷನ್ ಇನ್ನೂ ತೆರೆದಿರುವಾಗಲೇ 550 ಅಂದುಬಿಟ್ಟರೆ ಅವರ ಸರ್ವರ್ ಯಾರಿಗೂ ಬೌನ್ಸ್ ಕಳಿಸಬೇಕಾಗಿಲ್ಲ. ಆಗದು ಅಂತ ನಮ್ಮ ಸರ್ವರೇ ನನಗೆ ತಿಳಿಸುತ್ತದೆ. ಅವರು ಸೆಟ್ಟಿಂಗ್ ಬದಲಾಯಿಸಿದರು.

ನೀವೂ ಸ್ವಂತ ಸರ್ವರ್ ಇಟ್ಟಿದ್ದರೆ ಲಾಗ್ ಅನ್ನು ಒಂದು ತಿಂಗಳಾದರೂ ಉಳಿಸಿಕೊಳ್ಳಿ. ನಮ್ಮಲ್ಲಿ ವಾರಕ್ಕೆ ಅಳಿಸಿಹೋಗುತ್ತಿತ್ತು, ಆ ನಂಬರ್ ಸಿಕ್ಕಿದ್ದೇ ಪುಣ್ಯ. ಗಡುವಿರುವ ಮೇಲ್ ಆದರೆ ಅದೇ ದಿನ ಫೋನ್ ಮಾಡಿ, ಯಾರ ಕಣ್ಣಿಗೆ ಬಿತ್ತು ಅಂತ ಕೇಳಿ.

ಮೊನ್ನೆ ಅವರಿಗೊಂದು ಜಿಪ್ ಕಳಿಸಿ ನೋಡಿದೆ. ತಕ್ಷಣ 550 ಬಂತು, ಕಾರಣದ ಸಮೇತ. ಪೋಸ್ಟ್‌ಮಾಸ್ಟರ್‌ಗೆ ಒಂದು ಥ್ಯಾಂಕ್ಸ್ ಬರೆದೆ. ಅಂಥ ಯೂಸರ್ ಇನ್ನೂ ಇಲ್ಲವಂತೆ.