ಹಲ್ಲಿನ ಗಾಯಕ್ಕೆ ಆಕ್ಸಿಜನ್ ಚೇಂಬರ್ ಅಂದರೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ದಾವಣಗೆರೆಯವರು ದಯವಿಟ್ಟು ಓದಿ. 38,000 ರೂಪಾಯಿ ಹೋಯಿತು. ದುಡ್ಡು ಹಾಳಾಗಲಿ, ಅಪ್ಪಾಜಿ ಮೂರು ವಾರ ಸುಮ್ನೆ ನೋವು ತಿಂದರು.

ಅಪ್ಪಾಜಿಗೆ ಶುಗರ್ ಇದೆ. ಆಪರೇಷನ್ ಮಾಡಿ ದವಡೆ ಹಲ್ಲು ತೆಗೆಸಿದ್ದೆವು. ಹತ್ತು ದಿನವಾದರೂ ಗಾಯ ಮಾಯಲಿಲ್ಲ. ಆಗ ಇಲ್ಲೇ ಒಂದು ಥೆರಪಿ ಸೆಂಟರಿನವರು, ‘ಹೈಪರ್‌ಬೇರಿಕ್ ಆಕ್ಸಿಜನ್, ಹತ್ತು ಸಿಟ್ಟಿಂಗ್, ಗಾಯ ಗ್ಯಾರಂಟಿ ಒಣಗುತ್ತೆ’ ಅಂದರು. ಅಂದರೆ ಹೆಚ್ಚು ಒತ್ತಡದ ಚೇಂಬರಿನೊಳಗೆ ಕೂರಿಸಿ ಆಕ್ಸಿಜನ್ ಕೊಡೋದು. ಎರಡೆರಡು ಡೆಂಟಲ್ ಕಾಲೇಜು ಇರುವ ಊರು ನಮ್ಮದು. ಅಲ್ಲಿ ಒಂದು ಮಾತು ಕೇಳದೆ ದುಡ್ಡು ಕಟ್ಟಿದೆ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತದೆ.

ಮೂರನೇ ಸಲಕ್ಕೇ ಕಿವಿ ನೋವು ಶುರುವಾಯಿತು. ಕೇಳಿದರೆ, ‘ಕಿವಿ ನೋಯ್ತಿದೆ ಅಂದ್ರೆ ಥೆರಪಿ ಕೆಲಸ ಮಾಡ್ತಿದೆ ಅಂತ ಮೇಡಂ.’ ನಂಬಿದೆ! ಕಿವಿಯ ಬಿಗಿತ ಬಿಡಲಿ ಅಂತ ಅಪ್ಪಾಜಿಗೆ, ‘ಎಂಜಲು ನುಂಗಿ ಯಜಮಾನ್ರೇ’ ಅಂದರು, ಅಷ್ಟೇ. ಶುಗರ್ ಇರುವವರನ್ನು ಒಳಗೆ ಕಳಿಸುವ ಮೊದಲು ಶುಗರ್ ನೋಡಬೇಕಂತೆ. ಒಂದು ದಿನವೂ ನೋಡಲಿಲ್ಲ.

ಏಳು ಸಿಟ್ಟಿಂಗ್ ಆದಮೇಲೆ ಬಾಯಿ ವಾಸನೆ ಬರತೊಡಗಿತು. ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋದೆ. ಡಾಕ್ಟರು ಕೇಳಿದ್ದು ಒಂದೇ: ‘ಚೇಂಬರ್ ಗಟ್ಟಿಯದಾ, ಜಿಪ್ ಹಾಕೋದಾ?’

‘ಜಿಪ್ ಸಾರ್’ ಅಂದೆ. ಅವರು ಏನೂ ಅನ್ನಲಿಲ್ಲ, ಅಪ್ಪಾಜಿ ಮುಖ ನೋಡಿದರು. ನನಗೆ ಅಲ್ಲೇ ಕೈಕಾಲು ತಣ್ಣಗಾಯಿತು.

ನಿಜವಾದ ಚಿಕಿತ್ಸೆ ಗಟ್ಟಿ ಚೇಂಬರಿನಲ್ಲಿ, 100% ಆಕ್ಸಿಜನ್, ಮಾಮೂಲಿ ಗಾಳಿಯ ಎರಡು–ಎರಡೂವರೆ ಪಟ್ಟು ಒತ್ತಡ. ಅದೂ ಬಾಯಿ-ದವಡೆಯ ವಿಷಯದಲ್ಲಿ ಹೆಚ್ಚಾಗಿ ಕ್ಯಾನ್ಸರಿಗೆ ಕರೆಂಟ್ (ರೇಡಿಯೇಶನ್) ಕೊಡಿಸಿಕೊಂಡು ದವಡೆ ಮೂಳೆ ಕೆಟ್ಟವರಿಗೆ. ಅವರಿಗೂ ಎಷ್ಟು ಉಪಯೋಗ ಅಂತ ಡಾಕ್ಟರುಗಳಲ್ಲೇ ಒಮ್ಮತ ಇಲ್ಲವಂತೆ. ಈ ಜಿಪ್ ಚೀಲದ್ದು ಬರೀ 1.3 ಪಟ್ಟು. ಅಪ್ಪಾಜಿಯ ಗಾಯದಲ್ಲಿ ಇದ್ದದ್ದು ಒಂದು ಮೂಳೆ ಚೂರು! ತೆಗೆದು ತೊಳೆದರು, ಮಾತ್ರೆ ಕೊಟ್ಟರು, ಶುಗರ್ ಹತೋಟಿಗೆ ತಂದರು. ಗಾಯ ಮಾಯಿತು.

ಉಳಿದ ಮೂರು ಸಿಟ್ಟಿಂಗಿನ ದುಡ್ಡು ಕೇಳಲು ಹೋದೆ. ‘ಪ್ಯಾಕೇಜ್ ಮೇಡಂ, ವಾಪಸ್ ಬರಲ್ಲ. ನೀವೇ ಸೈನ್ ಹಾಕಿದ್ದೀರಲ್ಲ?’ ಮೂಳೆ ಚೂರಿನ ವಿಷಯ ಹೇಳಿದರೆ, ‘ನಮ್ಮ ಥೆರಪಿಯಿಂದಲೇ ಅದು ಮೇಲೆ ಬಂದಿದ್ದು’ ಅಂದರು. ಹೀಗೂ ಹೇಳ್ತಾರಾ?

ಗಾಯ ಮಾಯದಿದ್ದರೆ ಹಲ್ಲು ತೆಗೆದ ಡಾಕ್ಟರ ಹತ್ತಿರವೇ ಮೊದಲು ಹೋಗಿ. ಚೇಂಬರಿಗೆ ಜಿಪ್ ಇದ್ದರೆ ಎದ್ದು ಬನ್ನಿ. ಗ್ಯಾರಂಟಿ ಅಂದರೂ ಎದ್ದು ಬನ್ನಿ.

ಅಪ್ಪಾಜಿಗೆ ಎಡಗಿವಿ ಇನ್ನೂ ಸರಿಯಾಗಿ ಕೇಳಿಸುತ್ತಿಲ್ಲ. ನಾಳೆ ಕಿವಿ ಡಾಕ್ಟರಿಗೆ ತೋರಿಸುತ್ತಿದ್ದೇವೆ.